ಬಾಣ ಬರೆಯುವವನು

ನಾಲ್ಕನೆಯ ದಿನದ ಹಾದಿ: ಅಸ್ಮಾರಾದಿಂದ ಮಸಾವಾ.
ಕಾಗದದ ಮೇಲೆ ಅದು ಒಂದೇ ಗೆರೆ,
ಎಡಕ್ಕೆ ಮೋಡದ ಎತ್ತರ, ಬಲಕ್ಕೆ ಸೊನ್ನೆ.
ನೂರ ಹದಿನೈದು ಕಿಲೋಮೀಟರು, ಬರೀ ಇಳಿಜಾರು
ಅನ್ನುತ್ತದೆ ನಕ್ಷೆ.
ನಕ್ಷೆ ಬರೆದವನು ಇಳಿದವನಲ್ಲ.
ಬ್ರೇಕು ಹಿಡಿದು ಹಿಡಿದು ಮರಗಟ್ಟಿ
ಸಂಜೆ ಇಂಜೆರಾ ಮುರಿಯಲಾರದ ಬೆರಳುಗಳನ್ನು
ಕೇಳಬೇಕು ಅದನ್ನು.

ನನ್ನ ಕೆಲಸ ಬಾಣ.
ಹಿಂದಿನ ರಾತ್ರಿ ಒಕ್ಬಾಯ್‌ನ ಲಾರಿಯ ಬೆನ್ನಿಗೆ ಕೂತು
ತಿರುವು ಬಂದಲ್ಲಿ ಧುಮುಕಿ, ಹೆಡ್‌ಲೈಟಿನ ಬೆಳಕಲ್ಲಿ ಮಂಡಿಯೂರಿ
ಬಿಳಿ ಬಣ್ಣದಲ್ಲಿ ಬರೆಯುವುದು: ಹೀಗೆ, ಹೀಗೆ ಹೋಗಿ.
(ಸೋದರಮಾವನ ಕಾಲದಲ್ಲಿ ಸುಣ್ಣವಿತ್ತು.
ಒಂದು ವರ್ಷ ಮಂಜಿಗೆ ಕರಗಿ, ಊರು ದಾಟುವ ಮೊದಲೇ
ಆರು ಜನ ಕೆರೆನ್ ಕಡೆ ತಿರುಗಿಬಿಟ್ಟರಂತೆ.
ಅವರಲ್ಲೊಬ್ಬ ಅಲ್ಲೇ ಮದುವೆಯಾದ.)

ಅರ್ಬೆರೊಬುವಿನಲ್ಲಿ ಮಂಜು ಎಷ್ಟು ದಪ್ಪವೆಂದರೆ
ಬರೆದ ಬಾಣ ಬರೆದವನಿಗೇ ಕಾಣದು.
ಕೆಳಗೆಲ್ಲೋ ಕೋತಿಗಳ ಕೆಮ್ಮು, ಹಳೆಯ ರೈಲಿನ ಹಳಿ.
ನೆಫಾಸಿತ್‌ನ ನೆತ್ತಿಯ ಮೇಲೆ ಮಠದ ಒಂದೇ ದೀಪ,
ಯಾರೋ ಸನ್ಯಾಸಿಗೆ ನಿದ್ದೆ ಇಲ್ಲ, ನಮ್ಮ ಹಾಗೆ.
ಈ ಬಂಡೆ ಕಡಿದದ್ದು ನನ್ನಜ್ಜನ ಸುತ್ತಿಗೆ.
ದಾರಿ ಮುಗಿದ ಮೇಲೆ ಇಟಲಿಯವರು ಪಂದ್ಯ ಇಟ್ಟರು,
ಅಜ್ಜನಿಗೆ ಹಗ್ಗದಾಚೆ ನಿಂತು ನೋಡಲು ಬಿಟ್ಟರು.
ಇದನ್ನು ಅವನು ನಗುತ್ತ ಹೇಳುತ್ತಿದ್ದ.
ನಾವು ನಗುತ್ತಿರಲಿಲ್ಲ.

ಗಿಂದಾ. ರಾತ್ರಿ ಎರಡೂವರೆ.
ಬಸ್ಸುಗಳಿಗಾಗಿ ಎಚ್ಚರವಿದ್ದ ಹುಡುಗಿ, ಹೆಸರು ಫಿಯೋರಿ,
ಮುಂದೆ ಕಿತ್ತಳೆಯ ಬುಟ್ಟಿ, ಮೈತುಂಬ ಅಪ್ಪನ ಕೋಟು.
ನನ್ನ ಕೆಲಸವನ್ನು ಮೇಸ್ತ್ರಿಯ ಹಾಗೆ ನಿಂತು ನೋಡಿದಳು.
"ಎಲ್ಲರಿಗೂ ಕಡಲಿನ ದಾರಿ ತೋರಿಸ್ತೀಯಲ್ಲ,
ನನ್ನ ಬುಟ್ಟಿಯ ದಾರಿ?"

ಒಕ್ಬಾಯ್ ಹಾರ್ನ್ ಒತ್ತಿದ.
ನಾನು ರಸ್ತೆಯಂಚಿಗೆ ಅಂಗೈಯಗಲದ ಒಂದು ಬಾಣ ಬರೆದೆ,
ಬಲಕ್ಕೆ, ಕಿತ್ತಳೆಗಳ ಕಡೆಗೆ.
ಬೆಲೆ ಕೇಳಿದೆ. ಎರಡು ಹಣ್ಣು ಕೊಟ್ಟಳು,
ಒಂದು ಹುಳಿ.

ಮರುದಿನ ಗುಂಪು ಬಂತು, ಹೋಯಿತು.
ಬಂತು ಎನ್ನುವಷ್ಟರಲ್ಲಿ ಹೋಯಿತು:
ಚಕ್ರಗಳ ಜೇನುಹುಟ್ಟು, ಹಿಂದೆಯೇ ಗಾಳಿ,
ಗಾಳಿಯ ಹಿಂದೆ ಕಾರುಗಳು, ಪೋಲೀಸು, ಪೋಲೀಸಿನ ಹಿಂದೆ ನಾಯಿ.
ಊರು ಕೈಬೀಸಿ, ಬೀಸಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ
ತಲೆ ಕೆರೆದುಕೊಂಡಿತು.

ಆಮೇಲೆ ನುಗುಸೆ ಬಂದ.
ಇಪ್ಪತ್ತೇಳು ನಿಮಿಷ ತಡ. ಎರಡು ಸಲ ಕಳಚಿದ ಚೈನು,
ಮೊಣಕೈಯಲ್ಲಿ ಅರ್ಬೆರೊಬುವಿನ ಜಲ್ಲಿ.
ದೊಡ್ಡ ಬಾಣ ನೋಡಿದ. ಚಿಕ್ಕ ಬಾಣ ನೋಡಿದ.
ಬಲಕ್ಕೆ ತಿರುಗಿದ.

ಮೂರು ಕಿತ್ತಳೆ ತಿಂದ, ಮೊದಲನೆಯದನ್ನು ಸಿಪ್ಪೆ ಸಮೇತ.
ಜೇಬಿನಲ್ಲಿ ಕಾಸಿಲ್ಲದೆ ಟೋಪಿ ಕೊಟ್ಟ.
ಹಿಂದಿನ ವ್ಯಾನಿನಿಂದ ತೀರ್ಪುಗಾರ ಗಂಟಲು ಹರಿದುಕೊಂಡ:
ಹೊತ್ತು ಮೀರುತ್ತಿದೆ, ಏನು ಮಾಡ್ತಿದ್ದೀಯ?
"ಬಾಣ ಇದೆಯಲ್ಲ," ಅಂದ ನುಗುಸೆ,
ಬಾಯಿ ಒರೆಸಿಕೊಂಡು ಸೈಕಲ್ಲು ಹತ್ತಿದ.

ದೊಂಗೊಲ್ಲೊ ಕಳೆದ ಮೇಲೆ ಸೆಕೆ
ತೆರೆದ ಒಲೆಯ ಬಾಯಿ.
ಬೆಳಗ್ಗೆ ನಡುಗಿದ ಮೈಯೇ ಅಲ್ಲಿ ಕರಗುತ್ತದೆ.
ಹೊತ್ತಿನೊಳಗೆ ಮುಟ್ಟಿದನಂತೆ, ಬರೀ ಹನ್ನೊಂದು ಸೆಕೆಂಡು ಉಳಿಸಿ,
ಕಡೆಯವನಾಗಿ, ಹವಳದ ಗೋಡೆಗಳ ನಡುವೆ.
ಆ ಬಾಣ ಯಾರದ್ದೆಂದು ತೀರ್ಪುಗಾರ ಕೇಳಿದಾಗ
ನಾನು ಕಡಲು ನೋಡುತ್ತಿದ್ದೆ.
ಕಡಲಿನಲ್ಲಿ ನೋಡುವುದಕ್ಕೆ ಬೇಕಾದಷ್ಟು ಇರುತ್ತದೆ.

ಈ ವರ್ಷದ ಹಾದಿ ಬೇರೆ, ಮೆಂದೆಫೆರಾ ಕಡೆಗೆ.
ಬಸ್ಸಿನವರು ಹೇಳುತ್ತಾರೆ,
ಗಿಂದಾದ ತಿರುವಿನಲ್ಲಿ ದೊಡ್ಡ ಬಾಣಗಳೆಲ್ಲ
ಟಯರಿಗೆ ಸವೆದು ಹೋದವಂತೆ.
ಅಂಗೈಯಗಲದ್ದು ಮಾತ್ರ ನಿನ್ನೆ ಬರೆದ ಹಾಗಿದೆ,
ಬಾಲ ತುಸು ಸೊಟ್ಟ.

ಕೈ ನನ್ನದಲ್ಲ. ಬಣ್ಣ ನನ್ನದೇ.
ಆ ರಾತ್ರಿ ಡಬ್ಬಿಯಲ್ಲಿ ಕಾಲುಭಾಗ ಕಡಿಮೆಯಾಗಿತ್ತು.
ವರ್ಷವಿಡೀ ಪಾಪ ಒಕ್ಬಾಯ್‌ನನ್ನು ಬೈದೆ.